ನಲವತ್ತನೆಯ ಗೆಜ್ಜೆ

ಸದ್ದಕ್ಕ ಎರಡು ಕೈಯಲ್ಲಿ ಎರಡು ಕುರ್ಚಿ ಹಿಡಿದು ಮೂರನೆಯ ಮಹಡಿಗೆ ಹತ್ತುತ್ತಿದ್ದಳು. ಕುರ್ಚಿ ಸಾಕೆಂದು ಇಬ್ಬರು ಹೇಳಿಯಾಗಿತ್ತು. ಕೇಳಿಸಿಕೊಂಡೂ ಮತ್ತೆ ಕೆಳಗಿಳಿದಿದ್ದಳು. ಕೂತರೆ ಎದುರಿಗೆ ಶವದ ಪೆಟ್ಟಿಗೆ ಕಾಣುತ್ತಿತ್ತು. ಎದ್ದು ಒಳಗೆ ಹೋದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಮೆಟ್ಟಿಲ ಮೇಲಿರುವಷ್ಟು ಹೊತ್ತು ಎರಡೂ ಇಲ್ಲ.

"ಅಲ್ಲ ಕಣಕ್ಕ, ಬಂದಿರೋದು ಇಪ್ಪತ್ತು ಜನ. ನೀನು ಮದುವೆಗಾಗೋಷ್ಟು ಕುರ್ಚಿ ಹೊತ್ತಿದ್ದೀಯ," ಎಂದ ಬಾಗಿಲಲ್ಲಿ ನಿಂತಿದ್ದ ಡ್ರೈವರ್. ಸತ್ತವನ ತಮ್ಮ ಅವನು, ಊರೊಳಗಿನ ಬಸ್ಸು ಓಡಿಸುತ್ತಿದ್ದ.

"ಇನ್ನೂ ಯಾರಾದ್ರೂ ಬರಬಹುದು."

"ಯಾರು ಬರ್ತಾರೆ? ನಮ್ಮಣ್ಣನ ಗೆಳೆಯರನ್ನೆಲ್ಲ ಒಂದೇ ಸೀಟಲ್ಲಿ ಕೂರಿಸಬಹುದು. ಕಿಟಕಿ ಪಕ್ಕದ ಜಾಗ ಆಮೇಲೂ ಖಾಲಿ ಇರುತ್ತೆ."

ಅವಳು ನಗಲಿಲ್ಲ. ಮೆಟ್ಟಿಲ ಕಡೆಗೇ ನೋಡಿದಳು. ಬರಬೇಕಾದವನು ಒಬ್ಬನಿದ್ದ. ಬರಲಿ ಎಂದೂ ಅನ್ನಿಸುತ್ತಿತ್ತು, ದಾರಿ ತಪ್ಪಲಿ ಎಂದೂ ಅನ್ನಿಸುತ್ತಿತ್ತು. ಗಂಟೆ ಒಂದೂಕಾಲು. ಮೂರಕ್ಕೆ ಪೆಟ್ಟಿಗೆ ಒಯ್ಯುವ ಗಾಡಿ ಬರುವುದಿತ್ತು.

ಅವಳಿಗೆ ಸದ್ದಕ್ಕ ಎಂದು ಹೆಸರಿಟ್ಟವನು ಪೆಟ್ಟಿಗೆಯಲ್ಲಿ ಮಲಗಿದ್ದ. ಅವನಿಗೆ ಬಚ್ಚಣ್ಣ ಎಂದು ಹೆಸರಿಟ್ಟವಳು ಅವಳು. ಅವನ ಕೆಲಸವೇ ಬಚ್ಚಿಡುವುದಾಗಿತ್ತು. ಒಂದು ಕುರಿಮರಿ ತನ್ನ ಮಂದೆಯನ್ನು ಹುಡುಕಿಕೊಂಡು ಬೆಟ್ಟ ಹತ್ತುವ ವಿಡಿಯೋ ಗೇಮ್, ಅದನ್ನು ಮಾಡಿದ ತಂಡದಲ್ಲಿ ಇಬ್ಬರೂ ಇದ್ದರು. ಒಂದರ ಹಿಂದೊಂದು ಆರು ಬಂದವು. ಬೆಟ್ಟ ಬದಲಾಯಿತು, ಹವೆ ಬದಲಾಯಿತು, ಮರಿಯ ಉಣ್ಣೆ ಕೂಡ ಒಂದೊಂದು ಆಟಕ್ಕೂ ದಟ್ಟವಾಗುತ್ತ ಹೋಯಿತು. ಬದಲಾಗದೆ ಉಳಿದದ್ದು ಗೆಜ್ಜೆ. ಪ್ರತಿ ಆಟದಲ್ಲೂ ನಲವತ್ತು ಹಿತ್ತಾಳೆ ಗೆಜ್ಜೆಗಳು ಅಲ್ಲಲ್ಲಿ ಅಡಗಿರುತ್ತಿದ್ದವು. ಸಿಕ್ಕಿದ್ದು ಮರಿಯ ಕೊರಳಪಟ್ಟಿಗೆ ಸೇರುತ್ತಿತ್ತು. ಅವನ್ನು ಅಡಗಿಸುವವನು ಅವನು. ಹತ್ತಿರ ಸುಳಿದವರ ಕಿವಿಗೆ ಸಣ್ಣಗೆ ಕಿಣಿ ಎನ್ನಿಸುವವಳು ಅವಳು. ಆ ಕಿಣಿಯನ್ನು ಅವಳು ಹಿಡಿದದ್ದು ಇದೇ ಮನೆಯ ಅಡುಗೆಕಟ್ಟೆಯ ಮೇಲೆ, ಬೋರಲು ಹಾಕಿದ ಒಂದು ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿ.

ಇವತ್ತು ಆ ಲೋಟ ನಲ್ಲಿಯ ಕೆಳಗೇ ಬೋರಲಾಗಿತ್ತು. ಒಂದೊಂದು ಹನಿಯೂ ಅದರ ಬೆನ್ನಿಗೇ ಬೀಳುತ್ತಿತ್ತು. ಬೆಳಿಗ್ಗೆ ಬಂದವಳೇ ಅವಳು ಲೋಟದ ಮೇಲೆ ಒಂದು ಬಟ್ಟೆ ಹಾಕಿದ್ದಳು. ಯಾರೋ ತೆಗೆದಿದ್ದರು. ಮತ್ತೆ ಹಾಕಿದ್ದಳು. ಮತ್ತೆ ತೆಗೆದಿದ್ದರು.

"ಸಾರ್ ಮನೆ ಇದೇನಾ?"

ಮೆಟ್ಟಿಲ ತುದಿಯಲ್ಲಿ ಮೂವತ್ತೈದರ ಒಬ್ಬ ಗಂಡಸು ನಿಂತಿದ್ದ. ಮೊಣಕಾಲಲ್ಲಿ ಮಣ್ಣಾದ ಪ್ಯಾಂಟು, ಹೆಗಲಲ್ಲಿ ಪೈಪಿನ ತುಂಡು ಇಣುಕುವ ಚೀಲ. ಚಪ್ಪಲಿ ಬಿಟ್ಟು ಒಳಗೆ ಬಂದ. ಎರಡು ಹೆಜ್ಜೆ ಇಟ್ಟು ನಿಂತ. ಪೆಟ್ಟಿಗೆಯ ಕಡೆ ಹೋಗುವ ಮೊದಲು ಹಿಂದಕ್ಕೆ ತಿರುಗಿ ಬಾಗಿಲನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಅದರ ಹಿಂದೆ ನೋಡಿದ. ಅಲ್ಲಿ ಒಂದು ಕೊಡೆ ತೂಗುತ್ತಿತ್ತು. ಬಾಗಿಲನ್ನು ಇದ್ದ ಹಾಗೇ ಬಿಟ್ಟು ಮುಂದೆ ಬಂದ.

ಬಚ್ಚಣ್ಣನ ಹೆಂಡತಿ ಅದನ್ನು ನೋಡಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಕಣ್ಣು ಚುರುಕು. ಎರಡು ದಿನದಿಂದ ಬಿಗಿದಿದ್ದ ಮುಖ ಮೊದಲ ಸಲ ಸಡಿಲವಾಯಿತು.

"ಯಾರಪ್ಪ ನೀನು? ಇವರೂ ಹೀಗೇ ಮಾಡೋರು. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಹಿಂದೆ. ನಂಗೆ ನಾಚಿಕೆಯಾಗಿ ಸಾಕಾಗೋದು."

"ನಲ್ಲಿ ರಿಪೇರಿ ಮಾಡ್ತೀನಮ್ಮ. ಸಾರ್‌ನ ನೋಡೇ ಇಲ್ಲ ನಾನು. ಆಟದವರ ನಡುವೆ ನನ್ನ ಮೊಂಡ ಅಂತಾರೆ."

ಸದ್ದಕ್ಕನ ಕೈಯಿಂದ ಕುರ್ಚಿ ಜಾರಿ ನೆಲಕ್ಕೆ ಬಡಿಯಿತು. ಎಲ್ಲರೂ ತಿರುಗಿದರು.

"ನಾಲ್ಕು ಕಾಲಿದ್ರೂ ನಿಲ್ಲಲ್ಲ ನೋಡು," ಎಂದ ಡ್ರೈವರ್, ಕುರ್ಚಿಯನ್ನು ಎತ್ತುತ್ತ.

ಮೊಂಡ ಚೀಲದ ಒಳಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ತೆಗೆದ. ಹನ್ನೊಂದು ವರ್ಷದ ಹಿಂದೆ ಬಚ್ಚಣ್ಣ ಬರೆದದ್ದು. ಬಚ್ಚಣ್ಣನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು.

"ನಿಮ್ಮ ಕಾಗದ ತಲುಪಿತು. ಇದೆ. ಹುಡುಕಿ. ಎಲ್ಲರೂ ಎದುರಿಗೇ ನೋಡುತ್ತಾರೆ. ತಾವು ಬಂದ ಬಾಗಿಲಿನ ಹಿಂದೆ ನೋಡುವವರು ಕಡಿಮೆ."

ಓದಿ ಮುಗಿಸಿದ ಮೇಲೂ ಅವಳ ಬೆರಳು ಅಕ್ಷರದ ಮೇಲೇ ಇತ್ತು.

"ಏನಿದೆಯಂತೆ?" ಎಂದ ಡ್ರೈವರ್.

"ಮೊದಲನೇ ಆಟದ ನಲವತ್ತನೇ ಗೆಜ್ಜೆ," ಎಂದ ಮೊಂಡ. "ಮೂವತ್ತೊಂಬತ್ತು ಎಲ್ಲರಿಗೂ ಸಿಕ್ಕಿದೆ. ಅದೊಂದು ಯಾರಿಗೂ ಸಿಕ್ಕಿಲ್ಲ. ಹತ್ತೊಂಬತ್ತು ವರ್ಷದಿಂದ ಹುಡುಕ್ತಿದ್ದೀವಿ. ಇನ್ನೂರು ಜನ ಇದ್ದೀವಿ ಈಗಲೂ."

"ಇನ್ನೂರು ಜನ! ನಮ್ಮಣ್ಣ ಬಚ್ಚಿಟ್ಟಿದ್ದನ್ನ? ಅವನು ಕನ್ನಡಕ ಹಣೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕೋನು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ."

"ಆಮೇಲಿನ ಐದು ಆಟದಲ್ಲಿ ಹಾಗಲ್ಲ ಸಾರ್. ನಲವತ್ತು ಅಂತ ಬರೆದಿರುತ್ತೆ, ನಲವತ್ತೊಂದು ಸಿಗುತ್ತೆ. ತೂಕ ಆದ ಮೇಲೆ ಅಂಗಡಿಯವರು ಒಂದು ಹಿಡಿ ಮೇಲೆ ಹಾಕ್ತಾರಲ್ಲ, ಅದಕ್ಕೆ ನಾವು ಕೊಸರು ಅಂತೀವಿ. ಯಾಕೆ ಕೊಸರು ಹಾಕ್ತಾರೆ ಅಂತ ಜಗಳಾನೇ ನಡೀತದೆ ನಮ್ಮಲ್ಲಿ."

ಬಚ್ಚಣ್ಣನ ಹೆಂಡತಿ ಕಾಗದ ಮಡಿಸಿ ಅವನ ಕೈಗೇ ಕೊಟ್ಟಳು. "ಮಣ್ಣಿಗಿಡೋವಾಗ ಇದನ್ನ ಓದ್ತೀಯಾ? ನಾಲ್ಕು ಮಾತು ಹೇಳೋರು ನಮ್ಮಲ್ಲಿ ಯಾರೂ ಇಲ್ಲ. ಈ ಮೈದುನನಿಗೆ ‘ಹಿಂದೆ ಸರೀರಿ’ ಅನ್ನೋದು ಬಿಟ್ಟು ಬೇರೆ ಬರಲ್ಲ."

"ಓದ್ತೀನಮ್ಮ."

ಸದ್ದಕ್ಕನ ಕಿವಿಯಲ್ಲಿ ಲೋಟ ಮತ್ತೆ ಕಿಣಿ ಎಂದಿತು.

*

ಹತ್ತೊಂಬತ್ತು ವರ್ಷದ ಹಿಂದೆ, ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಬೇಸಗೆಯಲ್ಲಿ ರಬ್ಬರಿನ ವಾಸನೆ ನೆಲದಿಂದ ಏಳುತ್ತಿತ್ತು. ಸದ್ದಕ್ಕ ಸೇರಿ ಎಂಟು ತಿಂಗಳು. ಮೊದಲ ಆಟದ ಡಿಸ್ಕು ಅಚ್ಚಿಗೆ ಹೋಗುವ ದಿನ. ನಾಲ್ಕು ಗಂಟೆಗೆ ಒಯ್ಯುವವನು ಬರುತ್ತಾನೆ.

ಆಟದಲ್ಲಿ ಹೊಳೆ ದಂಡೆಯ ಮೇಲೊಂದು ನೀರಿನ ಗಿರಣಿಯಿತ್ತು. ಅದರ ಚಕ್ರದ ಸದ್ದಿಗಾಗಿ ಅವಳು ಎರಡು ದಿನ ಒಂದು ಹಳೆಯ ಗಿರಣಿಯಲ್ಲಿ ಕೂತು, ನಾಲ್ಕು ನಿಮಿಷದ ಸದ್ದು ತಂದಿದ್ದಳು. ಮರ ನರಳುವುದು, ನೀರು ಎಡವುವುದು, ಕಲ್ಲು ಕಲ್ಲನ್ನು ಮೂಸುವುದು. ಕೇಳಿದವರಿಗೆ ಹಲ್ಲಿನ ನಡುವೆ ಹಿಟ್ಟು ಸಿಕ್ಕಿದ ಹಾಗಾಗುತ್ತಿತ್ತು.

ಆದರೆ ಅಷ್ಟುದ್ದದ ಸದ್ದು ಕಂಪ್ಯೂಟರಿಗೆ ಭಾರ. ಗಿರಣಿಯ ಬಾಗಿಲು ತೆರೆದರೆ ಆಟ ಕಲ್ಲಾಗಿ ನಿಂತುಬಿಡುತ್ತಿತ್ತು.

"ಸ್ವಲ್ಪ ಕತ್ತರಿಸ್ತೀಯಾ ಸದ್ದಕ್ಕ?" ಎಂದು ಬಚ್ಚಣ್ಣ ಆ ವಾರ ಮೂರು ಸಲ ಕೇಳಿದ್ದ. "ಹತ್ತು ಸೆಕೆಂಡಿಂದು ತಗೊಂಡು ಸುತ್ತಿ ಸುತ್ತಿ ಹಾಕೋಣ."

"ಸುತ್ತಿ ಸುತ್ತಿ ಬಂದರೆ ಅದು ಗಿರಣಿ ಅಲ್ಲ, ಕೆಮ್ಮು. ನಾನು ಕತ್ತರಿಸಲ್ಲ."

ಅವನು ನಾಲ್ಕನೆಯ ಸಲ ಕೇಳಲಿಲ್ಲ. ಇನ್ನೊಬ್ಬರ ಕೆಲಸಕ್ಕೆ ಕತ್ತರಿ ಹಾಕುವ ಜಾಯಮಾನ ಅವನದಲ್ಲ. ಆ ಮಧ್ಯಾಹ್ನ ಯಜಮಾನರು ತಾವೇ ಆಡಿ ನೋಡಿದರು. ನಾಲ್ಕರಲ್ಲಿ ಮೂರು ಸಲ ನಿಂತಿತು.

"ಕೋಣೆ ಭಾರ ಆಗಿದೆ. ಗಿರಣಿ ತೆಗೆದು ಬಂಡೆ ಇಟ್ಟುಬಿಡಿ."

ಬಚ್ಚಣ್ಣ ಮುಕ್ಕಾಲು ಗಂಟೆಯಲ್ಲಿ ಗಿರಣಿಯನ್ನು ಅಳಿಸಿ ಬಂಡೆ ಇಟ್ಟ. ಹೊಳೆಯಿಂದ ಗಿರಣಿಗೆ ಹೋಗುತ್ತಿದ್ದ ಕಾಲುದಾರಿಯನ್ನು ಅಳಿಸಲು ಹೊತ್ತು ಸಾಲಲಿಲ್ಲ. ಅದು ಬಂಡೆಯವರೆಗೂ ಹಾಗೇ ಉಳಿಯಿತು.

ಮೂರು ವಾರದ ಮೇಲೆ ಊಟದ ಹೊತ್ತಿನಲ್ಲಿ ಅವನು ತುತ್ತು ಎತ್ತಿದವನು ಎತ್ತಿದ ಹಾಗೇ ಎದ್ದು ನಿಂತ.

"ಸದ್ದಕ್ಕ. ಗಿರಣಿ ಬಾಗಿಲ ಹಿಂದೆ ಒಂದಿಟ್ಟಿದ್ದೆ ಕಣೇ."

ಅಷ್ಟರಲ್ಲಿ ಡಿಸ್ಕುಗಳು ಅಂಗಡಿ ಸೇರಿದ್ದವು. ಪರದೆಯ ಮೂಲೆಯಲ್ಲಿ ನಲವತ್ತು ಎಂಬ ಅಂಕಿ ಇತ್ತು. ಒಳಗೆ ಮೂವತ್ತೊಂಬತ್ತೇ ಇದ್ದವು.

ಸದ್ದಕ್ಕನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಇವಳ ಸಂಬಳ ಒಂದೇ.

"ಹೇಳಿದ್ರೆ ಗಿರಣಿ ಯಾಕೆ ಭಾರ ಆಯ್ತು ಅಂತ ಕೆದಕ್ತಾರೆ. ಮೊದಲು ನಿನ್ನ ತಲೆ ಉರುಳುತ್ತೆ," ಎಂದ ಅವನು, ಕೂತುಕೊಳ್ಳುತ್ತ. "ಬಿಡು. ಯಾರಾದ್ರೂ ಕೇಳಿದ್ರೆ ಇದೆ ಅಂದ್ರಾಯ್ತು. ಒಂದು ತಿಂಗಳು ಹುಡುಕಿ ಸುಸ್ತಾಗ್ತಾರೆ."

ಅವಳೂ ಅದನ್ನು ಅಲ್ಲಿಗೇ ಬಿಟ್ಟಳು. ಸುಸ್ತಾಗದವರೂ ಲೋಕದಲ್ಲಿ ಇರುತ್ತಾರೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

*

ಎರಡು ಗಂಟೆ. ಸದ್ದಕ್ಕ ಮೂರು ಸಲ ಮೊಂಡನ ಹತ್ತಿರ ಹೋದಳು. ಒಂದು ಸಲ ಅವನ ಬಳಿ ಪಕ್ಕದ ಮನೆಯ ಮುದುಕ ಕೂತಿದ್ದ. ಇನ್ನೊಂದು ಸಲ ಡ್ರೈವರ್ ತನ್ನ ಅಣ್ಣ ಚಿಕ್ಕಂದಿನಲ್ಲಿ ಅಪ್ಪನ ಚಪ್ಪಲಿ ಬಚ್ಚಿಟ್ಟು ತಿಂದ ಏಟಿನ ಕತೆ ಹೇಳುತ್ತಿದ್ದ. ಮೂರನೆಯ ಸಲ ಅವನು ಒಬ್ಬನೇ ಇದ್ದ. ಅವಳು ನೀರು ಬೇಕೇ ಎಂದು ಕೇಳಿ ವಾಪಸು ಬಂದಳು.

"ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡ್ತಿದ್ದೀಯಲ್ಲೇ, ಒಂದು ಗಳಿಗೆ ಕೂತ್ಕೋ," ಎಂದು ಬಚ್ಚಣ್ಣನ ಹೆಂಡತಿ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. "ಆ ಕಾಗದ ಓದಿದ ಮೇಲೆ ನಂಗೆ ಎಷ್ಟೋ ಸಮಾಧಾನ. ಇವರು ಯಾರಿಗೂ ಬೇಕಾಗಿಲ್ಲದೆ ಹೋದರು ಅಂದ್ಕೊಂಡಿದ್ದೆ."

"ಅತ್ತಿಗೆ, ಆ ಕಾಗದ…"

"ಆ ಆಟದ ವಿಷಯವಾಗಿ ಯಾರಾದ್ರೂ ಬರೆದ ದಿನ ಇವರು ಊಟ ಮಾಡ್ತಿರಲಿಲ್ಲ. ಹೊಟ್ಟೆನೋವು ಅನ್ನೋರು. ಎಷ್ಟು ಔಷಧಿ ಕುಡಿಸಿದ್ದೀನಿ ಗೊತ್ತಾ? ಸಂತೋಷಕ್ಕೆ ಹೊಟ್ಟೆ ತುಂಬ್ತಿತ್ತು ಅಂತ ಈಗ ಗೊತ್ತಾಯ್ತು."

ಸದ್ದಕ್ಕ ಎದ್ದುಬಿಟ್ಟಳು.

"ಅಯ್ಯೋ, ಆ ನಲ್ಲಿ," ಎಂದಳು ಬಚ್ಚಣ್ಣನ ಹೆಂಡತಿ ಹಿಂದಿನಿಂದ. "ಇವರು ಆಸ್ಪತ್ರೆಗೆ ಹೋದ ದಿನದಿಂದ ಸೋರ್ತಿದೆ. ಆ ಹುಡುಗನ ಚೀಲದಲ್ಲಿ ಪಾನ ಇದ್ರೆ ಒಂದು ಸಲ ತಿರುಗಿಸೋಕೆ ಹೇಳ್ತೀಯಾ?"

*

ಆಸ್ಪತ್ರೆಯಲ್ಲಿ ಬಚ್ಚಣ್ಣನ ಮಂಚ ಬಾಗಿಲ ಪಕ್ಕದಲ್ಲಿತ್ತು. ಉಸಿರು ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಇನ್ನೊಂದು. ಅವಳು ಎರಡನ್ನೂ ಬೇಡವೆಂದರೂ ಎಣಿಸುತ್ತಿದ್ದಳು.

"ಮೊಂಡ ಬರ್ತಾನೆ," ಎಂದ ಅವನು. "ನಾನು ಸತ್ತರೆ ಅವನು ಮನೆ ಜಾಲಾಡೋಕಾದ್ರೂ ಬರ್ತಾನೆ. ಅವನಿಗೆ ಹೇಳಿಬಿಡು ಸದ್ದಕ್ಕ."

"ನೀವೇ ಹೇಳಿ. ಈಗಲೇ ಫೋನ್ ಹಚ್ಚಿ ಕೊಡ್ತೀನಿ."

"ಇದೆ ಅಂತ ಬರೆದ ಕೈ ಇದು." ಸೂಜಿ ಚುಚ್ಚಿದ್ದ ಕೈಯನ್ನು ಹೊದಿಕೆಯ ಮೇಲೆ ಮಗುಚಿದ. "ಐದು ಆಟಕ್ಕೂ ಒಂದೊಂದು ಕೊಸರು ಹಾಕಿದೆ. ಐದು ಸೇರಿದ್ರೂ ಆ ಒಂದು ಆಗಲಿಲ್ಲ ನೋಡು."

"ನನ್ನ ಹೆಸರು?"

ಅವನು ಕಣ್ಣು ಮುಚ್ಚಿದ.

"ಅದು ನಿನಗೆ ಬಿಟ್ಟಿದ್ದು. ನನ್ನ ಮೇಲೇ ಹಾಕು. ನಾನೇನು ಬಂದು ಕೇಳ್ತೀನಾ?"

ಅವಳು ಆಗಲಿ ಎಂದಳು. ಅವನ ತುಟಿ ಸ್ವಲ್ಪ ಅರಳಿತು.

"ಗಿರಣಿ ಸದ್ದು ಮಾತ್ರ ಚೆನ್ನಾಗಿತ್ತು ಕಣೇ. ನೀನು ಕತ್ತರಿಸದೆ ಇದ್ದಿದ್ದು ಸರಿ."

*

ಮೊಂಡ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದುದು ಸೊಂಟದಿಂದ ಕೆಳಗಿನ ಅವನು, ಬರಿಗಾಲು. ಸದ್ದಕ್ಕ ಅಡುಗೆಮನೆಯ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮುಖ ಕಾಣದೆ ಇರುವುದು ಅವಳಿಗೆ ಅನುಕೂಲವಾಯಿತು.

"ವಾಷರ್ ತಿಂದುಹೋಗಿದೆ ಅಕ್ಕ. ಮೇಲಿನ ನೀರು ನಿಲ್ಲಿಸೋ ತಿರುಪು ತುಕ್ಕು ಹಿಡಿದಿದೆ, ಅದನ್ನ ಬಿಡಿಸ್ತೀನಿ ಮೊದಲು."

"ನಲವತ್ತನೇ ಗೆಜ್ಜೆ ಇಲ್ಲ."

ಪಾನ ಲೋಹಕ್ಕೆ ಕಿರ್ ಎಂದು ಉಜ್ಜುತ್ತಿದ್ದುದು ಹಾಗೇ ಮುಂದುವರಿಯಿತು.

"ಏನಂದ್ರಿ?"

"ಮೊದಲನೇ ಆಟದಲ್ಲಿ ನಲವತ್ತನೇದು ಇಲ್ಲ. ಅಚ್ಚಿಗೆ ಹೋಗೋ ದಿನ ಒಂದು ಗಿರಣಿ ತೆಗೆದ್ವಿ. ಅದರ ಬಾಗಿಲ ಹಿಂದೆ ಇತ್ತು. ಅಂಕಿ ಬದಲಾಯಿಸೋದು ಮರೆತುಹೋಯ್ತು. ಅವರು ನಿಮಗೆ ಇದೆ ಅಂತ ಬರೆದಿದ್ದು ಸುಳ್ಳು."

ಪಾನ ನಿಂತಿತು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

ಬಚ್ಚಣ್ಣನ ಮೇಲೇ ಹಾಕಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಮೊಂಡನ ಕಾಲ ಬೆರಳು ಒಂದೊಂದೂ ಬಿಗಿಯುವುದನ್ನು ಅವಳು ನೋಡಿದಳು.

"ಗಿರಣಿ ತೆಗೆದಿದ್ದು ನನ್ನಿಂದ. ಚಕ್ರದ ಸದ್ದು ಭಾರ ಆಗಿತ್ತು. ಕತ್ತರಿಸು ಅಂತ ಮೂರು ಸಲ ಕೇಳಿದ್ರು. ನಾನು ಒಪ್ಪಲಿಲ್ಲ. ನನ್ನ ಕೆಲಸ ಹೋಗುತ್ತೆ ಅಂತ ಅವರು ಸುಳ್ಳು ಹೇಳಿದ್ರು. ಆಮೇಲೆ ಆ ಕಂಪನೀನೇ ಮುಚ್ಚಿತು, ಯಜಮಾನರು ಹೋದರು. ಹೇಳಬಹುದಿತ್ತು. ಹೇಳಲಿಲ್ಲ."

"ಹತ್ತೊಂಬತ್ತು ವರ್ಷ," ಎಂದ ಮೊಂಡ ಕಪಾಟಿನೊಳಗಿಂದ. ದನಿ ಅಲ್ಲೇ ಸುತ್ತಿ ಬಂತು. "ನನ್ನ ಮದುವೆ ಆಯ್ತು, ಮಗಳು ಹುಟ್ಟಿದಳು. ರಜಾ ದಿನ ಕೂತ್ಕೊಂಡ್ರೆ ಹೆಂಡತಿ ಅನ್ನೋಳು, ಇಲ್ಲದೆ ಇರೋದನ್ನ ಎಷ್ಟು ಹುಡುಕ್ತೀರಿ ಅಂತ. ಅವಳ ಮೇಲೆ ರೇಗಿದ್ದೀನಿ ಅಕ್ಕ. ಸಾರ್ ಕೈಯಾರೆ ಬರೆದಿದ್ದಾರೆ ಅಂತ ಈ ಕಾಗದ ತೋರಿಸಿದ್ದೀನಿ."

"ಬೈದುಬಿಡಿ."

"ಬೈಯೋಕೆ ನಾನು ಮೊದಲು ಈ ಕಪಾಟಿಂದ ಹೊರಗೆ ಬರಬೇಕು." ಆದರೆ ಹೊರಗೆ ಬರಲಿಲ್ಲ. "ಗಿರಣಿ ಎಲ್ಲಿತ್ತು?"

"ಹೊಳೆ ದಂಡೆ ಮೇಲೆ. ಸೇತುವೆ ದಾಟಿ ಎಡಕ್ಕೆ."

"ಬಂಡೆ ಇದೆಯಲ್ಲ, ಅಲ್ಲೇನಾ? ಕಾಲುದಾರಿ ಹೋಗಿ ನಿಲ್ಲುತ್ತಲ್ಲ, ಅದೇ ಬಂಡೆ?"

"ಅದೇ."

ಒಳಗಿನಿಂದ ಒಂದು ಸದ್ದು ಬಂತು. ಬದುಕೆಲ್ಲ ಸದ್ದಿನಲ್ಲೇ ಕಳೆದ ಅವಳಿಗೂ ಅದು ನಗುವೋ ಅಳುವೋ ತಿಳಿಯಲಿಲ್ಲ.

"ನಾನು ಹೇಳಿದ್ದೆ! ಎಲ್ಲರಿಗೂ ಹೇಳಿದ್ದೆ. ಹುಲ್ಲು ಸವೆದಿದೆ ಅಂದ್ರೆ ಅಲ್ಲಿ ಯಾರೋ ನಡೆದಾಡಿದ್ದಾರೆ ಅಂತ. ಬಂಡೆಗೆ ಯಾರಪ್ಪ ದಿನಾ ಹೋಗಿ ಬರ್ತಾರೆ? ಅವರೆಲ್ಲ ಬೆಟ್ಟದ ತುದಿಯಲ್ಲಿ ಹುಡುಕೋರು. ನಾನೊಬ್ಬ ಆ ಬಂಡೆ ಮುಂದೆ ಕುರಿಮರೀನ ನಿಲ್ಲಿಸ್ಕೊಂಡು ಕೂರೋನು. ಅದಕ್ಕೇ ಮೊಂಡ ಅಂತ ಕರೆದಿದ್ದು."

"ನೀವು ನಿಂತಿದ್ದು ಸರಿಯಾದ ಜಾಗದಲ್ಲೇ."

ಕಪಾಟಿನೊಳಗೆ ಪಾನ ಮೆಲ್ಲಗೆ ಮತ್ತೆ ತಿರುಗಿತು.

"ಒಳಗೆ ಏನೇನಿತ್ತು ಹೇಳಿ."

ಅವಳು ನೆಲದ ಮೇಲೆ ಕೂತಳು. ಆ ದಿನ ಅವಳು ತಾನಾಗಿ ಕೂತದ್ದು ಅದೇ ಮೊದಲು. ಹೇಳಿದಳು: ತಗ್ಗಿನ ಬಾಗಿಲು, ಮೂರು ಮೆಟ್ಟಿಲು, ಎಡಕ್ಕೆ ಹಿಟ್ಟಿನ ಚೀಲಗಳು, ಕಿಟಕಿಯಲ್ಲಿ ಒಂದು ಮುರಿದ ಜರಡಿ. ಚಕ್ರ ಮೊದಲು ನರಳಿ, ಆಮೇಲೆ ತಾಳಕ್ಕೆ ಬೀಳುತ್ತಿತ್ತು. ಒಳಗೆ ಬಂದವರು ಚಕ್ರವನ್ನೇ ನೋಡುತ್ತ ಮುಂದೆ ಹೋಗುತ್ತಾರೆ. ಗೆಜ್ಜೆ ಅವರ ಬೆನ್ನ ಹಿಂದೆ, ಬಾಗಿಲಿಗೂ ಗೋಡೆಗೂ ನಡುವೆ, ಒಂದು ಮೊಳೆಗೆ ತೂಗುತ್ತಿರುತ್ತದೆ. ಚಕ್ರದ ಸದ್ದಿನಲ್ಲಿ ಅದರ ಕಿಣಿ ಮುಳುಗಿಹೋಗುತ್ತದೆ. ಕಿವಿ ಕೊಟ್ಟವರಿಗೆ ಮಾತ್ರ ಕೇಳಿಸುತ್ತದೆ.

"ನಾನಾಗಿದ್ರೆ ಮೊದಲು ಅಲ್ಲೇ ನೋಡ್ತಿದ್ದೆ," ಎಂದ ಮೊಂಡ.

ಅವನು ಹೊರಗೆ ತೆವಳಿ ಎದ್ದು ಕೂತ. ಕೂದಲಿಗೆ ತುಕ್ಕಿನ ಪುಡಿ ಮೆತ್ತಿತ್ತು, ಕಣ್ಣು ಕೆಂಪಾಗಿತ್ತು. ನಲ್ಲಿಯ ತಲೆ ಬಿಚ್ಚಿ ಹೊಸ ವಾಷರ್ ಕೂರಿಸಿ, ಬಿಗಿದು, ನೀರು ಬಿಟ್ಟು, ಮತ್ತೆ ತಿರುಗಿಸಿದ. ಇಬ್ಬರೂ ಲೋಟವನ್ನು ನೋಡುತ್ತ ಕಾದರು. ಏನೂ ಬೀಳಲಿಲ್ಲ.

"ಈಗ ನಾನು ಅಲ್ಲಿ ಏನಂತ ಓದಲಿ ಅಕ್ಕ?"

ಕೆಳಗೆ ಗಾಡಿಯ ಹಾರನ್ ಕೇಳಿಸಿತು.

*

ಸ್ಮಶಾನದಲ್ಲಿ ಗುಂಡಿಯ ಹತ್ತಿರ ನಿಂತಾಗ ಗಾಳಿ ಎದ್ದಿತ್ತು. ಪೆಟ್ಟಿಗೆ ಇಳಿಯಿತು. ಡ್ರೈವರ್ ತನಗೆ ಗೊತ್ತಿದ್ದ ಒಂದೇ ಮಾತನ್ನು ಆಡಿದ: "ಸ್ವಲ್ಪ ಹಿಂದೆ ಸರೀರಿ." ಹೇಳಿ, ತೋಳಿನಿಂದ ಮುಖ ಒರೆಸಿಕೊಂಡ.

ಮೊಂಡ ಮುಂದೆ ಬಂದು ಪ್ಲಾಸ್ಟಿಕ್ ಬಿಚ್ಚಿದ.

"ಈ ಕಾಗದದಲ್ಲಿ ಒಂದು ಮಾತು ಸುಳ್ಳು," ಎಂದ. ಯಾರೋ ಕೆಮ್ಮಿದರು. "ಇವರು ಯಾಕೆ ಸುಳ್ಳು ಬರೆದರು ಅಂತ ಇವತ್ತು ಗೊತ್ತಾಯ್ತು. ಅದನ್ನ ಹೇಳಬೇಕಾದೋನು ನಾನಲ್ಲ. ಉಳಿದಿದ್ದು ನಿಜ. ಅದನ್ನ ಓದ್ತೀನಿ. ‘ಎಲ್ಲರೂ ಎದುರಿಗೇ ನೋಡುತ್ತಾರೆ. ತಾವು ಬಂದ ಬಾಗಿಲಿನ ಹಿಂದೆ ನೋಡುವವರು ಕಡಿಮೆ.’ ಅಷ್ಟೇ."

ಬಚ್ಚಣ್ಣನ ಹೆಂಡತಿಯ ಮುಖ ಗಂಟಾಯಿತು. "ಸುಳ್ಳಾ? ಏನು ಸುಳ್ಳು?"

ಸದ್ದಕ್ಕ ಹೊರಟುಬಿಡಬಹುದಿತ್ತು, ಕಾಲು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಅದನ್ನು ಮಣ್ಣಿನಲ್ಲಿ ಊರಿ ನಿಲ್ಲಿಸಿದಳು.

"ನನಗೋಸ್ಕರ ಹೇಳಿದ್ದು ಅತ್ತಿಗೆ."

ಇಪ್ಪತ್ತು ಜನರ ಮುಂದೆ ಹೇಳಿದಳು. ಗಿರಣಿ, ಸದ್ದು, ಬಂಡೆ, ಅಂಕಿ. ಅಡುಗೆಮನೆಯಲ್ಲಿ ಹೇಳಿದ್ದಕ್ಕಿಂತ ಚಿಕ್ಕದಾಗಿ ಮುಗಿಯಿತು. ಬಚ್ಚಣ್ಣನ ಹೆಂಡತಿ ಗುಂಡಿಯನ್ನೂ ಇವಳನ್ನೂ ಒಂದಾದ ಮೇಲೊಂದು ನೋಡಿದಳು.

"ಹಾಗಾದ್ರೆ ಅದು ಸಂತೋಷ ಅಲ್ವಾ?" ಎಂದಳು. "ಹೊಟ್ಟೆನೋವು ನಿಜವಾಗಿಯೂ ಹೊಟ್ಟೆನೋವೇನಾ?"

"ಹೂಂ ಅತ್ತಿಗೆ."

"ಹತ್ತೊಂಬತ್ತು ವರ್ಷ ಇಬ್ಬರೂ ಸೇರಿ ನನ್ನ ಕೈಲಿ ಔಷಧಿ ಕಲಸಿಸಿದ್ರಲ್ಲೇ." ನಗಲು ಹೋದಳು, ಅಳು ಬಂತು. ಸದ್ದಕ್ಕನ ಕೈ ಹಿಡಿಯಲಿಲ್ಲ. ಬಾಗಿ ಒಂದು ಹಿಡಿ ಮಣ್ಣು ತೆಗೆದು ಕೆಳಗೆ ಹಾಕಿದಳು. ಸ್ವಲ್ಪ ತಡೆದು ಇನ್ನೊಂದು ಹಿಡಿ ತೆಗೆದು ಅದನ್ನು ಸದ್ದಕ್ಕನ ಅಂಗೈಗೆ ಸುರಿದಳು.

"ನೀನೂ ಹಾಕು."

ಒಣಮಣ್ಣು ಹಲಗೆಯ ಮೇಲೆ ಬಿದ್ದು ಜಾರಿತು. ಆ ಸದ್ದನ್ನು ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

ಜನ ಚದುರಿದರು. ಮೊಂಡ ಕಾಗದವನ್ನು ಬಚ್ಚಣ್ಣನ ಹೆಂಡತಿಗೆ ಕೊಟ್ಟು, ಸದ್ದಕ್ಕನ ಹತ್ತಿರ ಬಂದ.

"ಇನ್ನೂರು ಜನಕ್ಕೆ ನೀವೇ ಬರೀಬೇಕು. ನಾನು ಹೇಳಿದ್ರೆ ನಂಬಲ್ಲ ಅವರು. ಮೊಂಡನಿಗೆ ತಲೆ ಕೆಟ್ಟಿದೆ ಅಂತಾರೆ."

"ಇವತ್ತೇ ಬರೀತೀನಿ."

"ಆ ಗಿರಣಿ ಸದ್ದು ಇನ್ನೂ ಇದೆಯಾ?"

"ಇದೆ," ಎಂದಳು. ಅವನು ಅವಳ ಮುಖವನ್ನು ಒಂದು ಕ್ಷಣ ಪರೀಕ್ಷಿಸಿದ. "ನಿಜವಾಗಿ ಇದೆ. ನಾಲ್ಕು ನಿಮಿಷವೂ."

ಅವನು ತಲೆಯಾಡಿಸಿ ಚೀಲ ಹೆಗಲಿಗೇರಿಸಿ ಹೊರಟ. ದಾರಿಯ ತುದಿಯಲ್ಲಿ ಕಬ್ಬಿಣದ ದೊಡ್ಡ ಗೇಟು ಗೋಡೆಗೆ ಒರಗಿ ತೆರೆದುಕೊಂಡಿತ್ತು. ಎಲ್ಲರೂ ಅದನ್ನು ದಾಟಿ ಹೊರಗೆ ಹೋಗಿದ್ದರು. ಮೊಂಡ ದಾಟಲಿಲ್ಲ. ನಿಂತು, ಆಚೀಚೆ ನೋಡದೆ, ಗೇಟಿನ ಸರಳು ಹಿಡಿದು ತನ್ನ ಕಡೆಗೆ ಎಳೆದ. ಅದರ ಹಿಂದೆ ಕಾವಲುಗಾರನ ಪೊರಕೆ, ಒಂದು ಒಂಟಿ ಚಪ್ಪಲಿ, ಗಾಳಿ ತಂದು ಗುಡ್ಡೆ ಹಾಕಿದ ಒಣ ಎಲೆ. ಅವನು ಕುಕ್ಕರಗಾಲಲ್ಲಿ ಕೂತು ಎಲೆ ಕೆದಕಿದ, ಚಪ್ಪಲಿ ಎತ್ತಿ ಅದರ ಕೆಳಗೂ ನೋಡಿದ, ಪೊರಕೆ ಸರಿಸಿದ. ಹಿಂದೆ ಬರುತ್ತಿದ್ದ ಸದ್ದಕ್ಕ ನಿಂತಿದ್ದಳು. ತಲೆ ಒಂದು ಕಡೆಗೆ ವಾಲಿ, ಕಿವಿ ಅತ್ತ ತಿರುಗಿತ್ತು. ಮೊಂಡ ಪೊರಕೆಯನ್ನೂ ಚಪ್ಪಲಿಯನ್ನೂ ಇದ್ದಲ್ಲೇ ಇಟ್ಟು, ಎಲೆಗಳನ್ನು ಅಂಗೈಯಿಂದ ಮತ್ತೆ ಒಟ್ಟು ಮಾಡಿ ಮುಚ್ಚಿದ.